ಹಿತ್ತಿಲ ಡೆಕ್‌ಗೆ ಉಕ್ಕಿನ ಕಾಲೋ, ಕಾಂಕ್ರೀಟ್ ಪಾಯವೋ? ಬೆಂಗಳೂರಿನ ಖರ್ಚಿನ ಲೆಕ್ಕ, ಹಂತ ಹಂತವಾಗಿ

ಹಿತ್ತಿಲಲ್ಲಿ ಡೆಕ್, ಅಂದರೆ ಕಾಲುಗಳ ಮೇಲೆ ನಿಲ್ಲುವ ಹಲಗೆಯ ಜಗಲಿ, ಹಾಕಿಸೋಣ ಅಂದಾಗ ಎಲ್ಲರ ತಲೆಯಲ್ಲಿ ಓಡುವುದು ಮೇಲಿನ ಹಲಗೆಯ ವಿಚಾರ. ತೇಗವೋ, ಪೈನೋ, ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಡಬ್ಲ್ಯೂಪಿಸಿಯೋ ಅಂತ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಕೆಳಗಿನ ಕಾಲುಗಳ ನೆನಪಾಗುವುದು ಮೇಸ್ತ್ರಿ ಹಾರೆ ಹಿಡಿದು "ಗುಂಡಿ ಎಲ್ಲಿ ತೋಡ್ಲಿ ಸಾರ್?" ಅಂತ ನಿಂತ ಮೇಲೆ. ಆಗ ಅವನು ಕಾಂಕ್ರೀಟ್ ಅನ್ನುತ್ತಾನೆ, ವೆಲ್ಡಿಂಗ್ ಅಂಗಡಿಯವರು ಪೈಪ್ ಅನ್ನುತ್ತಾರೆ. ಇಬ್ಬರೂ ತಮ್ಮದೇ ಅಗ್ಗ ಅಂತಾರೆ.

ಹೊರದೇಶದ ವಿಡಿಯೋ ನೋಡಿದರೆ ಗೊಂದಲ ಇನ್ನೂ ಜಾಸ್ತಿ. ಅಲ್ಲಿ ತಿರುಪಿನಂತೆ ನೆಲದೊಳಗೆ ತಿರುಗಿಸಿ ಇಳಿಸುವ ಉಕ್ಕಿನ ಸ್ಕ್ರೂ ಪೈಲ್‌ಗೆ ಭಾರಿ ಹೊಗಳಿಕೆ. ಅದಕ್ಕೆ ಕಾರಣ ಇದೆ. ಅಮೆರಿಕದ ಉತ್ತರ ಭಾಗ, ಕೆನಡಾದಂಥ ಕಡೆ ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಮಣ್ಣಿನೊಳಗಿನ ನೀರು ಮಂಜುಗಡ್ಡೆಯಾಗಿ ಉಬ್ಬಿ ಪಾಯವನ್ನೇ ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಹೆಪ್ಪುಗಟ್ಟುವ ಪದರಕ್ಕಿಂತ ಕೆಳಗೆ, ಕೆಲವು ಕಡೆ 4 ಅಡಿ ಅಥವಾ ಇನ್ನೂ ಆಳಕ್ಕೆ ಇಳಿಯಲೇಬೇಕು. ಅಷ್ಟು ತೋಡಿಸಲು ಅಲ್ಲಿ ಕೂಲಿ ದುಬಾರಿ. ಮಷಿನ್ ತಂದು ಪೈಲ್ ತಿರುಗಿಸಿ ಇಳಿಸಿದರೆ ಅವರಿಗೆ ಉಳಿತಾಯ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ನೆಲ ಹೆಪ್ಪುಗಟ್ಟುವುದಿಲ್ಲ, ಕೂಲಿ ಅಷ್ಟು ದುಬಾರಿಯಲ್ಲ, ಉಕ್ಕು ಮಾತ್ರ ಅಗ್ಗವಲ್ಲ. ಅವರ ಲೆಕ್ಕವನ್ನು ರೂಪಾಯಿಗೆ ಬದಲಿಸಿಕೊಂಡರೆ ತಪ್ಪು ಉತ್ತರವೇ ಬರುತ್ತದೆ.

ಇಲ್ಲಿ ಲೆಕ್ಕ ಹಾಕುವ ಸರಿಯಾದ ದಾರಿ ಒಂದೇ: ಒಂದು ಕಾಲಿಗೆ ಎಷ್ಟು? ಚದರಡಿ ದರ ಕೇಳಬೇಡಿ. ಚದರಡಿ ದರದೊಳಗೆ ಹಲಗೆ, ಫ್ರೇಮು, ಪಾಯ, ಲಾಭ ಎಲ್ಲಾ ಕಲಸಿ ಹೋಗಿರುತ್ತದೆ.

ಹಂತ 1: ಮೊದಲು ಮಣ್ಣು ನೋಡಿ

ಇದಕ್ಕೆ ಐನೂರು ರೂಪಾಯಿಯೂ ಖರ್ಚಿಲ್ಲ, ಆದರೆ ಬಿಲ್ಲನ್ನು ಇದರಷ್ಟು ಬದಲಿಸುವ ಕೆಲಸ ಇನ್ನೊಂದಿಲ್ಲ. ಕಾಲು ಬರುವ ಜಾಗದಲ್ಲಿ ಎರಡು ಅಡಿ ಆಳದ ಒಂದು ಗುಂಡಿ ತೋಡಿಸಿ. ನೀವೇ ಪಕ್ಕದಲ್ಲಿ ನಿಂತು ನೋಡಿ.

ಮೇಲಿನ ಒಂದು ಅಡಿ ಗಿಡದ ಮಣ್ಣು. ಅದರ ಕೆಳಗೆ ಕೆಂಪು ಮಣ್ಣು ಬಂದು, ಹಾರೆ ಹಾಕಿದಾಗ ಎರಡು ಬೆರಳಿನಷ್ಟೇ ಇಳಿದು ಹೆಂಟೆ ಹೆಂಟೆಯಾಗಿ ಏಳುತ್ತಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಇನ್ನೂ ಕೆಳಗೆ ಗರಸು ಸಿಕ್ಕರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಅಡಿಯಲ್ಲಿರುವುದು ನೈಸ್ ಶಿಲೆ. ಲಾಲ್‌ಬಾಗಿನ ಬಂಡೆ ಅದೇ ಕಲ್ಲಿನ ಹೊರಗೆ ಕಾಣುವ ತಲೆ. ಕೆಲವು ಹಿತ್ತಿಲಲ್ಲಿ ಒಂದೂವರೆ ಅಡಿಗೇ ಬಂಡೆ ಸಿಗುತ್ತದೆ.

ಗುಂಡಿಯಿಂದ ಇಟ್ಟಿಗೆ ಚೂರು, ಒಡೆದ ಟೈಲ್ಸ್, ಪ್ಲಾಸ್ಟಿಕ್ ಕವರ್, ಹಳೇ ಚಪ್ಪಲಿ ಬಂದರೆ ಅದು ತುಂಬಿಸಿದ ಮಣ್ಣು. ನಮ್ಮ ಎಷ್ಟೋ ಬಡಾವಣೆಗಳಲ್ಲಿ ಸೈಟು ರಸ್ತೆಗಿಂತ ತಗ್ಗಿದ್ದರೆ ಕಟ್ಟಡದ ಕಸ ಸುರಿದು ಮೇಲೊಂದು ಲೋಡು ಕೆಂಪು ಮಣ್ಣು ಹರಡುವುದು ಮಾಮೂಲು. ಹಳೇ ಕೆರೆಯ ಅಂಗಳವಾದರೆ ಕಪ್ಪು ಜೇಡಿ ಬರುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದೇ ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ನಿಮ್ಮ ಏರಿಯಾದ ಹಳಬರನ್ನು ಕೇಳಿದರೆ ಕೆರೆ ಎಲ್ಲಿತ್ತು ಅಂತ ಹೇಳುತ್ತಾರೆ.

ಗುಂಡಿಗೆ ಎರಡು ಬಕೆಟ್ ನೀರು ಸುರಿದು ಮಾರನೇ ದಿನ ಬೆಳಿಗ್ಗೆ ನೋಡಿ. ನೀರು ಹಾಗೇ ನಿಂತಿದ್ದರೆ ಮಣ್ಣಿನಲ್ಲಿ ಜೇಡಿ ಜಾಸ್ತಿ, ಮಳೆಗಾಲದಲ್ಲಿ ಉಕ್ಕಿನ ಕಾಲು ಸದಾ ತೇವದಲ್ಲೇ ನಿಂತಿರುತ್ತದೆ. ಈ ವಿಚಾರ ಮುಂದೆ ತುಕ್ಕಿನ ಮಾತು ಬಂದಾಗ ಬೇಕಾಗುತ್ತದೆ.

ತೋಡುವ ಮೊದಲು ಸಂಪ್, ಯುಜಿಡಿ (ಒಳಚರಂಡಿ) ಲೈನು, ಮಳೆನೀರಿನ ಇಂಗುಗುಂಡಿ ಎಲ್ಲಿವೆ ಅಂತ ಸುಣ್ಣದ ಪುಡಿಯಲ್ಲಿ ಗುರುತು ಹಾಕಿ. ಡೆಕ್ ಕೆಳಗೆ ಛೇಂಬರ್ ಬಂದರೆ ಅಲ್ಲಿ ತೆಗೆಯುವಂಥ ಹಲಗೆ ಇರಬೇಕು. ಪಕ್ಕದ ಮನೆಯ ಕಾಂಪೌಂಡಿಗೆ ಅಂಟಿಕೊಂಡು ಗುಂಡಿ ತೋಡಬೇಡಿ, ಅದರ ಸೈಜುಗಲ್ಲಿನ ಪಾಯ ಸಡಿಲವಾದರೆ ಡೆಕ್ಕಿನ ಖರ್ಚಿಗಿಂತ ಜಗಳದ ಖರ್ಚು ಜಾಸ್ತಿ. ಸೆಟ್‌ಬ್ಯಾಕ್ (ಸೈಟಿನ ಗಡಿಗೆ ಖಾಲಿ ಬಿಡಬೇಕಾದ) ಜಾಗದಲ್ಲಿ ಚಾವಣಿ ಹಾಕುವ ಯೋಚನೆ ಇದ್ದರೆ ಮೊದಲೇ ಪಾಲಿಕೆಯ ನಿಯಮ ವಿಚಾರಿಸಿ.

ಹಂತ 2: ಒಂದು ಕಾಲಿನ ಮೇಲೆ ಎಷ್ಟು ಭಾರ?

ಉದಾಹರಣೆಗೆ 16 ಅಡಿ ಉದ್ದ, 10 ಅಡಿ ಅಗಲದ ಡೆಕ್ ತೆಗೆದುಕೊಳ್ಳೋಣ. ಅಡುಗೆಮನೆಯ ಹಿಂಬಾಗಿಲ ಮಟ್ಟಕ್ಕೆ ಬರಬೇಕು, ಅಂದರೆ ನೆಲದಿಂದ ಸುಮಾರು 2 ಅಡಿ ಎತ್ತರ. ಎರಡು ಸಾಲು, ಸಾಲಿಗೆ ಮೂರರಂತೆ ಒಟ್ಟು 6 ಕಾಲು. ಉದ್ದಕ್ಕೆ ಕಾಲಿನಿಂದ ಕಾಲಿಗೆ 7 ಅಡಿ, ಸಾಲಿನಿಂದ ಸಾಲಿಗೆ 8 ಅಡಿ, ಸುತ್ತ ಒಂದು ಅಡಿ ಹೊರಚಾಚು.

ಭಾರತದ ಲೋಡ್ ಕೋಡ್ ಐಎಸ್ 875ರ ಎರಡನೇ ಭಾಗ ಮನೆಯ ಬಾಲ್ಕನಿಗೆ ಕನಿಷ್ಠ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕೆ.ಜಿ. ಭಾರ ಹಿಡಿಯಬೇಕು ಅನ್ನುತ್ತದೆ. ಡೆಕ್‌ಗೂ ಅದನ್ನೇ ಹಿಡಿಯಿರಿ. ಹಲಗೆ ಮತ್ತು ಫ್ರೇಮಿನ ಸ್ವಂತ ಭಾರಕ್ಕೆ 50 ಕೆ.ಜಿ. ಸೇರಿಸಿ. ಮಧ್ಯದ ಕಾಲಿನ ಪಾಲಿಗೆ 7 ಅಡಿಗೆ 5 ಅಡಿ, ಅಂದರೆ 35 ಚದರಡಿ, ಸುಮಾರು 3.25 ಚದರ ಮೀಟರ್ ಬರುತ್ತದೆ. 350ರಿಂದ ಗುಣಿಸಿದರೆ 1,140 ಕೆ.ಜಿ. ಒಂದೂಕಾಲು ಟನ್ ಅಂತಲೇ ಇಟ್ಟುಕೊಳ್ಳೋಣ.

ಗಟ್ಟಿ ಕೆಂಪು ಮಣ್ಣಿಗೆ ಚದರ ಮೀಟರಿಗೆ 10 ಟನ್ ಅಂತ ಹಿಡಿಯುವುದು ಎಚ್ಚರಿಕೆಯ ಲೆಕ್ಕ. ಒಂದೂವರೆ ಅಡಿ ಚೌಕದ ಫೂಟಿಂಗ್ (ಕಾಲಿನ ಅಡಿಯ ಅಗಲ ಕಾಂಕ್ರೀಟ್ ಪೀಠ) ಇದ್ದರೆ ಮಣ್ಣಿನ ಮೇಲೆ ಬೀಳುವುದು ಚದರ ಮೀಟರಿಗೆ 6 ಟನ್ನಿನ ಆಸುಪಾಸು. ಸಾಕೋ ಸಾಕು. ಮೆತ್ತಗಿನ ಮಣ್ಣಾದರೆ 2 ಅಡಿ ಚೌಕ ಮಾಡಿಸಿ, ಮೂರೂವರೆ ಟನ್ನಿಗೆ ಇಳಿಯುತ್ತದೆ. ಆಳದ ಮಟ್ಟಿಗೆ ಪಾಯದ ಕೋಡ್ ಐಎಸ್ 1904 ಹೇಳುವುದು ಕನಿಷ್ಠ 50 ಸೆಂ.ಮೀ. ನಾವು 2 ಅಡಿ ಇಟ್ಟರೆ ಗಿಡದ ಮಣ್ಣನ್ನೂ ದಾಟುತ್ತೇವೆ. ನಾಲ್ಕು ಅಡಿ ತೋಡಿಸಿ ಅಂತ ಹೇಳುವವರನ್ನು "ಯಾಕೆ?" ಅಂತ ಕೇಳಿ. ತುಂಬಿಸಿದ ಮಣ್ಣನ್ನು ದಾಟಲು ಅಂದರೆ ಸರಿ. ಸುಮ್ನೆ ಗಟ್ಟಿ ಇರಲಿ ಅಂತ ಅಂದರೆ ಬೇಡ.

ಡೆಕ್ ನಾಲ್ಕೈದು ಅಡಿ ಎತ್ತರಕ್ಕೆ ಹೋದರೆ, ಇಳಿಜಾರು ಸೈಟಾದರೆ, ಅಥವಾ ಮೇಲೆ ಜಕೂಝಿಯಂಥ ಭಾರ ಬರುವುದಾದರೆ ಈ ಲೆಕ್ಕ ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೀಸು ಕೊಟ್ಟು ಡ್ರಾಯಿಂಗ್ ಮಾಡಿಸಿ.

ಹಂತ 3: ಮೂರು ತರದ ಕಾಲು, ಮೂರು ಬಿಲ್ಲು

ಇನ್ನು ದುಡ್ಡಿನ ವಿಚಾರ. ಕೆಳಗಿನ ದರಗಳು ಲೆಕ್ಕಕ್ಕೆ ಅಂತ ಇಟ್ಟುಕೊಂಡವು: ಸಿಮೆಂಟ್ ಚೀಲಕ್ಕೆ 400, ಕಂಬಿ ಕೆ.ಜಿ.ಗೆ 70, ಕತ್ತರಿಸಿ ವೆಲ್ಡ್ ಮಾಡಿ ಬಣ್ಣ ಬಳಿದ ಉಕ್ಕು ಕೆ.ಜಿ.ಗೆ 130, ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ್ದಕ್ಕೆ (ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು) 150, ಮೇಸ್ತ್ರಿ ದಿನಗೂಲಿ 1,100, ಹೆಲ್ಪರ್ 800. ನಿಮಗೆ ಸಿಕ್ಕ ಕೊಟೇಶನ್ನಿನ ದರ ಹಾಕಿ ಬದಲಿಸಿಕೊಳ್ಳಿ. ಬದಲಾಗದೆ ನಿಲ್ಲುವುದು ಪ್ರಮಾಣ, ಮುಖ್ಯವಾಗಿ ನೋಡಬೇಕಾದದ್ದೂ ಅದೇ.

ಮೊದಲನೆಯದು ಪೂರ್ತಿ ಕಾಂಕ್ರೀಟ್. ಕೆಳಗೆ 3 ಇಂಚು ಬೆಡ್, ಮೇಲೆ ಒಂದೂವರೆ ಅಡಿ ಚೌಕದ 8 ಇಂಚು ದಪ್ಪದ ಫೂಟಿಂಗ್, ಅದರ ಮೇಲೆ 9 ಇಂಚಿನ ಕಾಲಂ. ಒಟ್ಟು ಕಾಂಕ್ರೀಟ್ ಬರೀ 0.1 ಘನ ಮೀಟರ್. ಎಂ20 (ಕಾಂಕ್ರೀಟಿನ ಒಂದು ದರ್ಜೆ) ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಬೇಕು, ಹಾಗಾಗಿ ಒಂದು ಕಾಲಿಗೆ ಮುಕ್ಕಾಲು ಚೀಲ: 300 ರೂಪಾಯಿ. ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), ಜಲ್ಲಿಗೆ 300. ಕಾಲಂಗೆ 12 ಮಿ.ಮೀ. ಕಂಬಿ ನಾಲ್ಕು, 8 ಮಿ.ಮೀ. ರಿಂಗು, ಫೂಟಿಂಗಿಗೆ ಜಾಲರಿ ಎಲ್ಲಾ ಸೇರಿ ಎಂಟೂವರೆ ಕೆ.ಜಿ.: 600. ಶಟರಿಂಗ್ (ಕಾಂಕ್ರೀಟಿಗೆ ಹಲಗೆಯ ಅಚ್ಚು) ಮತ್ತು ಕಂಬಿ ಕಟ್ಟುವುದಕ್ಕೆ 500. ಕೂಲಿ, ಗುಂಡಿಗೆ ಒಂದು ದಿನ, ಫೂಟಿಂಗಿಗೆ ಒಂದು ದಿನ, ಕಾಲಂಗೆ ಒಂದು ದಿನ ಅಂತ 7,000 ಆಗಿ, ಆರು ಕಾಲಿಗೆ ಹಂಚಿದರೆ 1,170. ಫ್ರೇಮು ಕೂರಿಸಲು ಮೇಲೊಂದು ಪ್ಲೇಟು, ಬೋಲ್ಟು: 500. ಒಟ್ಟು ಹತ್ತಿರ ಹತ್ತಿರ 3,400.

ಎರಡನೆಯದು ಬೆರಕೆ. ಗುಂಡಿಯನ್ನು ಪೂರ್ತಿ ಕಾಂಕ್ರೀಟಿನಿಂದ ತುಂಬಿ, ಒಂದು ಅಡಿ ಚೌಕದ ಗಟ್ಟೆಯನ್ನು ನೆಲದಿಂದ 6 ಇಂಚು ಮೇಲೆ ಎಬ್ಬಿಸುವುದು. ಅದರ ಮೇಲೆ ಬೇಸ್ ಪ್ಲೇಟ್ ಇರುವ ಉಕ್ಕಿನ ಗಿಡ್ಡ ಕಾಲು. ಕಾಂಕ್ರೀಟ್ 0.135 ಘನ ಮೀಟರ್, ಒಂದು ಚೀಲದ ಮೇಲೆ ಸ್ವಲ್ಪ: 440. ಎಂ ಸ್ಯಾಂಡ್, ಜಲ್ಲಿ 400. ಬಿರುಕು ಬಿಡದಿರಲಿ ಅಂತ ಸ್ವಲ್ಪ ಕಂಬಿ 200. ಮೇಲಿನ ಬಾಕ್ಸಿಗೆ ಹಲಗೆ 150. ಕೂಲಿ ಎರಡೇ ದಿನ, ಕಾಲಿಗೆ 720. ಉಕ್ಕು, 80 ಮಿ.ಮೀ. ಪೈಪು ಮತ್ತು ಮೇಲೆ ಕೆಳಗೆ ಪ್ಲೇಟು ಸೇರಿ ಏಳೂವರೆ ಕೆ.ಜಿ.: 1,000. ಆಂಕರ್ ಬೋಲ್ಟ್ 300. ಒಟ್ಟು 3,200.

ಮೂರನೆಯದು ಉಕ್ಕನ್ನೇ ನೇರ ಮಣ್ಣಿಗೆ ಇಳಿಸುವುದು. ಒಂದು ಅಡಿ ಚೌಕದ ಅಡಿ ಪ್ಲೇಟ್ ಇರುವ ಪೈಪನ್ನು ತೆಳು ಕಾಂಕ್ರೀಟ್ ಬೆಡ್ ಮೇಲೆ ನಿಲ್ಲಿಸಿ, ಮಣ್ಣು ತುಂಬಿ ದಮ್ಮಸ್ಸು ಹೊಡೆಯುವುದು. ಹದಿನೇಳೂವರೆ ಕೆ.ಜಿ. ಗ್ಯಾಲ್ವನೈಸ್ಡ್ ಉಕ್ಕಿಗೆ 2,600, ಗುಂಡಿ ಮತ್ತು ಬೆಡ್ ಸೇರಿ 600. ಇದೂ 3,200!

ನೋಡಿದಿರಾ? ಆರು ಕಾಲಿಗೆ ವ್ಯತ್ಯಾಸ ಬರುವುದು ಸಾವಿರ, ಸಾವಿರದ ಇನ್ನೂರು ರೂಪಾಯಿ. ಎತ್ತರ ಹೆಚ್ಚಾದರೂ ಕಥೆ ಅದೇ. ಒಂದು ಅಡಿ ಜಾಸ್ತಿ ಮಾಡಿದರೆ ಕಾಂಕ್ರೀಟ್ ಕಾಲಂಗೆ ಸುಮಾರು 320, ಪೈಪಿಗೆ ಸುಮಾರು 330. ಅಂದಮೇಲೆ "ಉಕ್ಕು ಅರ್ಧ ರೇಟಿಗೆ ಆಗುತ್ತೆ" ಅಂತ ಯಾರಾದರೂ ಹೇಳಿದರೆ, ಪೈಪಿನ ದಪ್ಪವನ್ನೂ ಅರ್ಧ ಮಾಡುತ್ತಿದ್ದಾರೆ ಅಂತಲೇ ತಿಳಿಯಿರಿ.

ದುಡ್ಡು ಸೋರುವುದು ಬೇರೆ ಕಡೆ. ಸಣ್ಣ ಕೆಲಸಕ್ಕೆ ಎಂ ಸ್ಯಾಂಡ್ ಒಂದು ಟೆಂಪೋ ತರಿಸಿದರೆ ಅರ್ಧ ಉಳಿದು, ಬೀದಿ ನಾಯಿಗಳಿಗೆ ಮೂರು ತಿಂಗಳು ಹಾಸಿಗೆ ಆಗುತ್ತದೆ. ಚೀಲದ ಲೆಕ್ಕದಲ್ಲಿ ತರಿಸಿ. ಹಿತ್ತಿಲಿಗೆ ಹೋಗಲು ಮೂರು ಅಡಿ ಓಣಿ ಮಾತ್ರ ಇದ್ದರೆ ಎಲ್ಲವನ್ನೂ ಬಾಂಡ್ಲಿಯಲ್ಲಿ ಹೊರಬೇಕು, ಆಗ ಕಾಂಕ್ರೀಟಿನ ಕೂಲಿ ಏರುತ್ತದೆ. ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಟ್ಟು ಗಟ್ಟಿಯಾಗಿಸಲು, ನೀರು ಬೇಕು. ಕಾಂಕ್ರೀಟಿನ ಕೋಡ್ ಐಎಸ್ 456ರ ಪ್ರಕಾರ ಓಪಿಸಿ (ಮಾಮೂಲಿ) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್) 10 ದಿನ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದ್ದು ನೆನಪಿರಬಹುದು. ಬೇಸಿಗೆಯಲ್ಲಿ ಕೆಲಸ ಇಟ್ಟುಕೊಂಡರೆ ಟ್ಯಾಂಕರ್ ಬಿಲ್ಲನ್ನೂ ಸೇರಿಸಿ. ಗೋಣಿಚೀಲ ಸುತ್ತಿ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ನೀರು ಬಹಳ ಉಳಿಯುತ್ತದೆ.

ಸ್ಕ್ರೂ ಪೈಲ್ ಹಾಕಿಸಬಹುದಾ?

ಇದು ಹೊಸದೇನಲ್ಲ. ಐರ್ಲೆಂಡಿನ ಅಂಧ ಎಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್ 1833ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಸಮುದ್ರದ ಮೆತ್ತನೆ ಮರಳಿನಲ್ಲಿ ದೀಪಸ್ತಂಭ ನಿಲ್ಲಿಸಲು ಅದು ಬಳಕೆಗೆ ಬಂತು. ಮೆತ್ತನೆ ನೆಲ ಅನ್ನುವುದನ್ನು ಗಮನಿಸಿ. ನಮ್ಮ ಗರಸು ಮಣ್ಣಿನಲ್ಲಿ ಒಂದು ಉಂಡೆಗಲ್ಲು ಸಿಕ್ಕರೂ ಪೈಲ್ ಅಲ್ಲೇ ನಿಲ್ಲುತ್ತದೆ, ಇಲ್ಲವೇ ವಾಲುತ್ತದೆ.

ಖರ್ಚೂ ನೋಡಿ. ಎರಡು ಮೀಟರ್ ಉದ್ದದ, ಕೆಳಗೆ ಒಂದು ಅಡಿ ಅಗಲದ ರೆಕ್ಕೆಯಿರುವ ಪೈಲ್ ಸುಮಾರು 20 ಕೆ.ಜಿ. ತೂಗುತ್ತದೆ. ಕೆ.ಜಿ.ಗೆ 160 ಅಂದರೂ 3,200. ಮಷಿನ್ ತರಿಸಲು 15,000 ಕೇಳಿದರು ಅಂತಿಟ್ಟುಕೊಳ್ಳಿ, ಆರಕ್ಕೆ ಹಂಚಿದರೆ 2,500. ಕಾಲಿಗೆ 5,700 ಆಯಿತು. ಮಷಿನ್ ಆ ಮೂರು ಅಡಿ ಓಣಿಯಲ್ಲಿ ತೂರಬೇಕಲ್ವಾ? ನಾನಂತೂ ನಗರದೊಳಗಿನ 30-40 ಸೈಟಿಗೆ ಇದನ್ನು ಹೇಳುವುದಿಲ್ಲ. ಊರಾಚೆಯ ತೋಟದಲ್ಲಿ, ಹಳೇ ಕೆರೆಯಂಚಿನ ಆಳದ ಜೇಡಿಯಲ್ಲಿ, ಇಪ್ಪತ್ತು ಮೂವತ್ತು ಕಾಲಿನ ದೊಡ್ಡ ಡೆಕ್ ಆದರೆ ಲೆಕ್ಕ ತಿರುಗಬಹುದು. ಮಷಿನ್ ಬಾಡಿಗೆ ಹಂಚಿಹೋಗುತ್ತದೆ, ಆಳದ ಗುಂಡಿ ತೋಡುವ ಕಷ್ಟ ತಪ್ಪುತ್ತದೆ.

ಊರಾಚೆ ಅಂದಾಗ ಇನ್ನೊಂದು ಮಾತು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೇಲಿಗೂ ದ್ರಾಕ್ಷಿ ಚಪ್ಪರಕ್ಕೂ ನಿಲ್ಲಿಸುವ ಕಲ್ಲುಕಂಬ ಡೆಕ್ಕಿಗೂ ಒಳ್ಳೆಯ ಕಾಲು. 6 ಇಂಚು ಚೌಕದ ನಾಲ್ಕು ಅಡಿ ಕಂಬ 75 ಕೆ.ಜಿ. ಒಳಗೆ ಬರುತ್ತದೆ, ಇಬ್ಬರು ಹೊರಬಹುದು. ತುಕ್ಕಿಲ್ಲ, ಗೆದ್ದಲಿಲ್ಲ, ಕ್ಯೂರಿಂಗಿಲ್ಲ. ಅಡಿಗೆ ಕಾಂಕ್ರೀಟ್ ಬೆಡ್ ಹಾಕಿ, ಮೇಲೆ ಡ್ರಿಲ್ ಮಾಡಿ ಬೋಲ್ಟ್ ಕೂರಿಸಿದರೆ ಆಯಿತು. ಅಳತೆ ಮಾತ್ರ ಒಂದೊಂದು ಕಂಬಕ್ಕೆ ಒಂದೊಂದು ಇರುತ್ತದೆ, ಹಾಗಾಗಿ ಮಟ್ಟ ನೋಡಿ ತಲೆ ಕೊಯ್ಯಿಸಬೇಕು. ನಿಮ್ಮ ಕಡೆ ಸಿಕ್ಕರೆ ಮೇಲಿನ ಮೂರರ ಜೊತೆ ಇದಕ್ಕೂ ದರ ಕೇಳಿ.

ಹಂತ 4: ತುಕ್ಕಿನ ಖರ್ಚು ಸೇರಿಸಿ

ಮೂರೂ ಒಂದೇ ರೇಟು ಅಂದಮೇಲೆ ಆಯ್ಕೆಯನ್ನು ನಿರ್ಧರಿಸುವುದು ಮುಂದಿನ ವರ್ಷಗಳ ಖರ್ಚು. ನಿಮ್ಮ ಬೀದಿಯ ಹಳೇ ಕಬ್ಬಿಣದ ಗೇಟುಗಳನ್ನು ಬಗ್ಗಿ ನೋಡಿ. ಕಂಬದ ಮೇಲ್ಭಾಗ ಚೆನ್ನಾಗಿರುತ್ತದೆ. ನೆಲಕ್ಕೆ ತಾಗುವ ಕಡೆ ನಾಲ್ಕೈದು ಇಂಚು ಮಾತ್ರ ಬಣ್ಣ ಉಬ್ಬಿ, ಉಗುರಿನಿಂದ ಕೆರೆದರೆ ಪದರ ಪದರವಾಗಿ ಕಿತ್ತು ಬರುತ್ತದೆ. ಅಲ್ಲಿ ನೀರೂ ಇದೆ, ಗಾಳಿಯೂ ಇದೆ. ಮಳೆಯ ಹನಿ ಸಿಡಿಯುವುದೂ ಅಲ್ಲಿಗೇ.

ಡೆಕ್ಕಿನ ಕಾಲು ಅದೇ ಜಾಗದಲ್ಲಿ ಕೊಳೆಯುತ್ತದೆ. ವ್ಯತ್ಯಾಸ ಅಂದರೆ ಗೇಟಿಗೆ ಬಣ್ಣ ಹೊಡೆಯಬಹುದು, 2 ಅಡಿ ಎತ್ತರದ ಡೆಕ್ ಕೆಳಗೆ ಬ್ರಶ್ ಹಿಡಿದು ಯಾರು ತೂರುತ್ತಾರೆ? ಬರೀ ರೆಡ್ ಆಕ್ಸೈಡ್ ಬಳಿದ ಪೈಪನ್ನು ಮಣ್ಣಿಗೆ ಇಳಿಸಲು ಒಪ್ಪಬೇಡಿ. "ಏನೂ ಆಗಲ್ಲ ಬಿಡಿ ಸಾರ್" ಅಂತಾರೆ. ಮಣ್ಣಿಗೇ ಇಳಿಸುವುದಾದರೆ ಹಾಟ್ ಡಿಪ್ ಆಗಲೇಬೇಕು, ಅದೂ ವೆಲ್ಡಿಂಗ್ ಎಲ್ಲಾ ಮುಗಿದ ಮೇಲೆ. ಗ್ಯಾಲ್ವನೈಸ್ ಆದಮೇಲೆ ವೆಲ್ಡ್ ಮಾಡಿದರೆ ಸುಟ್ಟ ಜಾಗದಲ್ಲಿ ಸತುವೇ ಇರುವುದಿಲ್ಲ. ಎರಡೂ ತುದಿ ಮುಚ್ಚಿದ ಪೈಪಿಗೆ ಗಾಳಿ ಹೋಗಲು ತೂತು ಬೇಕು, ಇಲ್ಲದಿದ್ದರೆ 450 ಡಿಗ್ರಿ ಆಸುಪಾಸಿನ ಸತುವಿನ ತೊಟ್ಟಿಯಲ್ಲಿ ಅದು ಸಿಡಿಯುವ ಅಪಾಯ ಇದೆ. ಈ ಮಾತನ್ನು ಫ್ಯಾಬ್ರಿಕೇಟರ್‌ಗೆ ಹೇಳಿ ನೋಡಿ. ಗೊತ್ತಿದ್ದರೆ ತಲೆಯಾಡಿಸುತ್ತಾರೆ, ಗೊತ್ತಿಲ್ಲದಿದ್ದರೆ ಬೇರೆಯವರನ್ನು ಹುಡುಕಿ.

ನನ್ನ ಮತ ಬೆರಕೆಗೆ. ಕಾಂಕ್ರೀಟ್ ಗಟ್ಟೆ ನೆಲದಿಂದ 6 ಇಂಚು ಮೇಲೆ ನಿಂತರೆ ಉಕ್ಕು ಮಣ್ಣನ್ನು ಮುಟ್ಟುವುದೇ ಇಲ್ಲ. ಹಾಳಾದರೆ ನಾಲ್ಕು ಬೋಲ್ಟ್ ಬಿಚ್ಚಿ ಕಾಲು ಬದಲಿಸಬಹುದು. ಗಟ್ಟೆಯ ತಲೆಗೆ ಹೊರಕ್ಕೆ ಸ್ವಲ್ಪ ಇಳಿಜಾರು ಕೊಡಿಸಿ. ಕೆಲವರು ಚಂದ ಕಾಣಲಿ ಅಂತ ಬೇಸ್ ಪ್ಲೇಟಿನ ಸುತ್ತ ಗಾರೆ ಕಟ್ಟೆ ಕಟ್ಟುತ್ತಾರೆ, ಅದರಲ್ಲಿ ನೀರು ನಿಲ್ಲುತ್ತದೆ. ಬೇಡ. ಮೇಲೆ ಪರ್ಗೋಲ ಅಥವಾ ಶೀಟು ಹಾಕುವ ಯೋಚನೆ ಇದ್ದರೂ ಇದೇ ವಾಸಿ. ಗಾಳಿ ಶೀಟನ್ನು ಮೇಲಕ್ಕೆ ಎಳೆಯುತ್ತದೆ, ಒಂದೊಂದು ಕಾಂಕ್ರೀಟ್ ಗಡ್ಡೆಯೂ 320 ಕೆ.ಜಿ. ತೂಗಿ ಹಿಡಿದುಕೊಳ್ಳುತ್ತದೆ.

ಪೂರ್ತಿ ಕಾಂಕ್ರೀಟ್ ಗೆಲ್ಲುವುದು ಮನೆಯಲ್ಲಿ ಬೇರೆ ಗಾರೆ ಕೆಲಸ ನಡೆಯುತ್ತಿರುವಾಗ. ಮೇಸ್ತ್ರಿ, ಶಟರಿಂಗ್ ಹಲಗೆ, ಜಲ್ಲಿ ಎಲ್ಲಾ ಅಲ್ಲೇ ಇರುತ್ತವೆ. ಬಾಡಿಗೆ ಮನೆ, ಅಥವಾ ಮುಂದೆ ಅಲ್ಲೇ ರೂಮು ಎತ್ತುವ ಯೋಚನೆ ಇದ್ದರೆ ಮಣ್ಣಿಗಿಳಿಸಿದ ಉಕ್ಕು ಸರಿ. ಕಿತ್ತು ಒಯ್ಯಬಹುದು, ಕೊನೆಗೆ ಗುಜರಿಗಾದರೂ ತೂಕಕ್ಕೆ ಹೋಗುತ್ತದೆ.

ಹಂತ 5: ಕೊಟೇಶನ್ ಕೇಳುವುದು, ತೂಕ ಹಿಡಿಯುವುದು

ಮೇಸ್ತ್ರಿಗೂ ಫ್ಯಾಬ್ರಿಕೇಟರ್‌ಗೂ ಒಂದೇ ಚೀಟಿ ಕೊಡಿ: ಆರು ಕಾಲು, ಗುಂಡಿಯ ಅಳತೆ, ನೆಲದಿಂದ ಎತ್ತರ, ಪೈಪಿನ ಹೊರ ಅಳತೆ ಮತ್ತು ಗೋಡೆಯ ದಪ್ಪ. ಒಂದು ಕಾಲಿಗೆ ಎಷ್ಟು ಅಂತ ಬರೆದುಕೊಡಲು ಹೇಳಿ. ಜಿಎಸ್‌ಟಿ ಸೇರಿದೆಯಾ ಅಂತ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಅದಕ್ಕಿಂತ ಹಳೇ ಎಸ್ಟಿಮೇಟ್ ಹಿಡಿದು ಬಂದರೆ ಹೊಸದು ಮಾಡಿಸಿ.

ಉಕ್ಕನ್ನು ಕೆ.ಜಿ. ಲೆಕ್ಕದಲ್ಲಿ ಕೊಡುವವರ ಬಿಲ್ಲನ್ನು ನೀವೇ ಪರೀಕ್ಷಿಸಬಹುದು. ದುಂಡು ಪೈಪಿಗೆ: ಹೊರ ವ್ಯಾಸದಿಂದ ದಪ್ಪ ಕಳೆದು, ದಪ್ಪದಿಂದ ಗುಣಿಸಿ, 0.02466ರಿಂದ ಗುಣಿಸಿ. ಅಳತೆ ಮಿ.ಮೀ.ನಲ್ಲಿ ಇರಲಿ, ಉತ್ತರ ಮೀಟರಿಗೆ ಕೆ.ಜಿ. 80 ಮಿ.ಮೀ. ಅಂತ ಮಾರುವ ಪೈಪಿನ ಹೊರ ವ್ಯಾಸ 88.9. ನಾಲ್ಕು ಮಿ.ಮೀ. ದಪ್ಪವಿದ್ದರೆ ಮೀಟರಿಗೆ 8.4 ಕೆ.ಜಿ. ಬರಬೇಕು. ಮೂರು ಮಿ.ಮೀ. ಆದರೆ 6.4. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ, ತಕ್ಕಡಿ ಸುಳ್ಳು ಹೇಳುವುದಿಲ್ಲ. ಕಂಬಿಗೆ ಇನ್ನೂ ಸುಲಭ: ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. 12 ಮಿ.ಮೀ. ಕಂಬಿ ಮೀಟರಿಗೆ 0.89 ಕೆ.ಜಿ. ಪ್ಲೇಟಿಗೆ ಉದ್ದ, ಅಗಲ, ದಪ್ಪವನ್ನು ಮೀಟರಿನಲ್ಲಿ ಗುಣಿಸಿ 7,850ರಿಂದ ಗುಣಿಸಿ.

ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಸೆಪ್ಟೆಂಬರ್, ಅಕ್ಟೋಬರಿನ ಮಳೆಗೆ ಗುಂಡಿಗಳು ಸಂಜೆಯೊಳಗೆ ತುಂಬುತ್ತವೆ. ತುಂಬಿದರೆ ನೀರು ಎತ್ತಿಸಿ, ಅಡಿಯ ಕೆಸರನ್ನು ಸಲಿಕೆಯಲ್ಲಿ ಗಟ್ಟಿ ಮಣ್ಣು ಕಾಣುವವರೆಗೆ ಕೆರೆಸಿ, ಆಮೇಲೆ ಕಾಂಕ್ರೀಟ್. ಕಾಂಕ್ರೀಟ್ ಹಾಕುವ ದಿನ ದಾರ ಕಟ್ಟಿ, ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಪೈಪು) ಹಿಡಿದು ಆರೂ ಗಟ್ಟೆಯ ತಲೆ ಒಂದೇ ಮಟ್ಟಕ್ಕೆ ತನ್ನಿ. ಪೈಪುಗಳನ್ನು ಅದಕ್ಕೆ ಮೊದಲೇ ಕತ್ತರಿಸಲು ಬಿಡಬೇಡಿ. ಗಟ್ಟೆ ಒಣಗಿದ ಮೇಲೆ ಒಂದೊಂದರ ಎತ್ತರ ಅಳೆದು, ಪೈಪಿಗೆ ನಂಬರ್ ಬರೆದು ಕತ್ತರಿಸಿದರೆ ಮೇಲಿನ ಫ್ರೇಮಿಗೆ ಚೂರು ಪ್ಯಾಕಿಂಗ್ ತುರುಕುವ ಕೆಲಸ ಇರುವುದಿಲ್ಲ. ಕೊನೆಯ ಕಂತಿನ ದುಡ್ಡನ್ನು ಒಂದು ಮಳೆ ಬಿದ್ದು ಗಟ್ಟೆಯ ಮೇಲೆ ನೀರು ನಿಲ್ಲುತ್ತದಾ ಅಂತ ನೋಡಿ ಕೊಡಿ. ಮಳೆ ದೂರವಿದ್ದರೆ ಒಂದು ಬಕೆಟ್ ನೀರು ಸುರಿದರೂ ಸಾಕು.